ಗಾಡಿಯೊಳಗ ಏನಂತ ಕರೀಲಿ

ಟಿವಿ ಮ್ಯಾಲ ಎರಡು ಕಾಗದ ಅವ.
ಒಂದಕ್ಕ ಸರ್ಕಾರದ ನೀಲಿ ಶಿಕ್ಕಾ,
ಇನ್ನೊಂದು ದಪ್ಪ ಹಾಳಿ, ಮೂಗಿಗೆ ಹಿಡದ್ರ
ಹೊಸಾ ಗೋಡಿ ಬಣ್ಣದ ವಾಸನಿ.
ಶಹಾಬಾದದ ಬಿಸಲಿಗೆ ಎರಡೂ ಅಂಚು ಸುರಳಿ ಸುತ್ಯಾವ.
ಫ್ಯಾನ್ ಹಚ್ಚಿದ್ರ ಹಾರ್ತಾವಂತ
ನಮ್ಮಾಕಿ ತೂಕಕ್ಕ
ಒಂದು ಫರಸಿ ಚೂರು ಇಟ್ಟಾಳ.

ಭಾಗ್ಯವಂತಿ. ಐದನೇತ್ತಾ ಪಾಸು.
ಆದರ್ಶ ಸಾಲಿ ಪರೀಕ್ಷಾದಾಗ ತಾಲೂಕಿಗೇ ಒಂಬತ್ತನೇದಾಕಿ.
ಅದೇ ವಾರ ಕಾನ್ವೆಂಟಿನವರು ಕರಸಿ
ಮುಕ್ಕಾಲು ಫೀಸ್ ಮಾಫ್ ಅಂದ್ರು.
ಉಳಿದ ಕಾಲು ಎಷ್ಟಂತ ಕೇಳಲಾಕ ಬಾಯಿ ಬರಲಿಲ್ಲ,
ಎ.ಸಿ. ತಂಪಿಗೆ ಬೆವತ ಅಂಗಿ ಬೆನ್ನಿಗೆ ಹತ್ತಿತ್ತು.

ಆ ಸಾಲಿ ಗಾಡಿ ನಾನೇ ಹೊಡೀತೀನ್ರಿ, ಏಳು ವರ್ಷ ಆತು.
ಗೇಟಿನ ತನಕ ಗೊತ್ತು, ಒಳಗಿನದು ಗೊತ್ತಿಲ್ಲ.
ಹದಿಮೂರು ಹುಡುಗ್ರು. ಯಾವನಿಗೆ ತಿರುವಿನ್ಯಾಗ ವಾಂತಿ,
ಯಾವಾಕಿ ಡಬ್ಬಿ ಮರೀತಾಳ,
ಯಾರ ಮನಿಯಾಗ ರಾತ್ರಿ ಜಗಳ ಆಗ್ಯಾದ,
ಕನ್ನಡಿಯೊಳಗ ನೋಡೇ ಹೇಳ್ತೀನಿ.
ನನ್ನ ಹೆಸರು ಅವಕ್ಕ ಗೊತ್ತಿಲ್ಲ. ಅಂಕಲ್ ಅಂತಾವ.
ಒಂದು ಅದ, ಇಂಜಿನಿಯರ್ ಸಾಹೇಬರ ಮಗ,
"ಏ ಅಂಕಲ್" ಅಂತದ.
ಸಣ್ಣದು. ಮನಿಯಾಗ ಕೇಳಿದ್ದು ಹೇಳ್ತದ.

ಆದರ್ಶ ನೋಡಲಾಕ ಐತವಾರ ಹೋಗಿದ್ವಿ,
ಊರ ಹೊರಗ, ಖಣಿ ದಾಟಿ.
ಕಟ್ಟಡ ಭಾಳ ಚಂದ, ನಳಕ್ಕ ನೀರಿಲ್ಲ.
ವಾಚಮನ್ ಭೀಮಶಾ ಹೇಳಿದ:
ಗಣಿತದ ಮಾಸ್ತರಗ ಜೇವರ್ಗಿಗೆ ವರ್ಗ ಆಗ್ಯಾದ,
ಅತಿಥಿ ಟೀಚರ್ ಬರ್ತಾಳ, ಛಲೋ ಕಲಸ್ತಾಳ,
ಪಗಾರ ಬಂದ ತಿಂಗಳ ಇನ್ನಾ ಛಲೋ.
ಲೈಬ್ರರಿ ಕಿಟಕಿಗೆ ಮಾರಿ ಹಚ್ಚಿ ಭಾಗ್ಯವಂತಿ
ಕಪಾಟು ಎಣಿಸಿದಳು. ಆರು. ಆರಕ್ಕೂ ಕೀಲಿ.
"ಚಾವಿ ಯಾರ ಹಂತ್ಯಾಕ ಇರ್ತಾವ, ಕಾಕಾ?"
ಅದೊಂದೇ ಕೇಳಿದಳು.

ಅವರವ್ವಗ ಕಾನ್ವೆಂಟೇ ಬೇಕು.
"ನಿಮ್ಮ ಗಾಡಿಯಾಗೇ ಹೋಗ್ತಾಳ, ನಿಮ್ಮ ಗಾಡಿಯಾಗೇ ಬರ್ತಾಳ.
ಹುಡುಗಿ ಬೆಳೀಲಾಕತ್ತಾಳ, ಖಣಿ ದಾರಿ ಬ್ಯಾಡ."
ಖರೆ ಅದ.
ನಮ್ಮಣ್ಣ ಅಂತಾನ, ಮಾಫ್ ಉಳೀಬೇಕಂದ್ರ ವರ್ಷಾ ತೊಂಬತ್ತು ತರಬೇಕು,
ಎಂಬತ್ತೊಂಬತ್ತಕ್ಕ ಬಿದ್ರ ಪೂರಾ ಬಿಲ್ಲು.
ಜ್ವರಾ ಸುದ್ದಾ ಪರವಾನಗಿ ಕೇಳಿ ಬರಬೇಕು ಹುಡುಗಿಗೆ.
ಅದೂ ಖರೆ.
ಇಬ್ಬರಿಗೂ ಹೂಂ ಅಂದೆ.

ನಿನ್ನಿ ರಾತ್ರಿ ಮದುವಿ ಬಾಡಿಗಿ ಮುಗಿಸಿ ಬಂದು
ಗಾಡಿ ತೊಳೀತಿದ್ದೆ. ಸೀಟಿನ ಸಂದ್ಯಾಗ ಅಕ್ಕಿಕಾಳು,
ಒಣಗಿದ ಮಲ್ಲಿಗಿ, ಮತ್ತ ಮಾರ್ಚಿನದೊಂದು ರಬ್ಬರು,
ಯಾರೋ ಹಲ್ಲಿಲೆ ಕಡದದ್ದು.
ಬಕೀಟು ಹಿಡದು ನಿಂತಾಕಿ ಕೇಳಿದಳು:

"ಅಪ್ಪಾ, ಗಾಡಿಯೊಳಗ ನಿನಗ ಏನಂತ ಕರೀಲಿ?"

"ಏನಂದ್ರ? ಅಪ್ಪ ಅನ್ನು."
"ಎಲ್ಲಾರೂ ಅಂಕಲ್ ಅಂತಾರಲಾ."
"ಅವರಿಗೇನು ನಾ ಅಪ್ಪ ಏನು?"
"ಗೊತ್ತದ," ಅಂದಳು.
ನೀರು ನನ್ನ ಕಾಲ ಮ್ಯಾಲ ಬಿತ್ತು, ಬೇಕಂತ ಹಾಕಿದ್ದಲ್ಲ.
"ಆ ಹುಡುಗ ಏ ಅಂದಾಗ
ನಾ ಅವನ ಕಡೆ ನೋಡ್ಲೋ, ಕಿಟಕಿ ಕಡೆ ನೋಡ್ಲೋ?"

ನಾನೇ ಊಟಕ್ಕ ಕೂತಾಗ ನಕ್ಕೋತ ಹೇಳಿದ್ದೆ ಆ ಮಾತು.
ಯಾರೂ ನಕ್ಕಿರಲಿಲ್ಲ ಅನ್ನೋದು ಈಗ ನೆನಪಾತು.

ಇವತ್ತು ಕಡೀ ದಿನ.
ಮುಂಜಾನಿ ನೋಡಿದ್ರ ಫರಸಿ ಕೆಳಗ ಒಂದೇ ಕಾಗದ.
ಇನ್ನೊಂದು ಆಕಿ ಕೈಯಾಗ, ಮಡಚಿ ಮಡಚಿ
ಬಸ್ ಟಿಕೀಟಿನಷ್ಟು ಮಾಡ್ಯಾಳ.
ಮುಂದಿನ ಸೀಟಿನ್ಯಾಗ ಕೂತಳು, ಬಾಗಲಾ ಎರಡು ಸಲ ಹಾಕಿದಳು,
ಒಂದೇ ಸಲಕ್ಕ ಹತ್ತೂದಿಲ್ಲ ಅದು.
ಕ್ರಾಸಿನ್ಯಾಗ ಇಂಡಿಕೇಟರ್ ಹಾಕೋ ಮುಂಚೆ
ಆಕಿ ಮಾರಿ ನೋಡಿದೆ. ಕನ್ನಡಿಯೊಳಗ ಅಲ್ಲ, ಸೀದಾ.

"ಖಣಿ ಕಡೆ," ಅಂದಳು.

ಆ ಸಾಲಿನೇ ಬೇಕಾಗಿತ್ತೋ,
ಅಪ್ಪಗ ಯಾರೂ ಏ ಅನ್ನೋದು ಕೇಳಬಾರದಾಗಿತ್ತೋ.
ಹನ್ನೊಂದು ವರ್ಷದಾಕಿಗೆ ಅದನ್ನ ಹ್ಯಾಂಗ ಕೇಳೋದು.
ದಾರಿ ತುಂಬಾ ಬಿಳೀ ಧೂಳು, ಮುಂದ ಕಲ್ಲಿನ ಲಾರಿ,
ಹಾರ್ನ್ ಹೊಡೆದ್ರೂ ಸರೀಲಿಲ್ಲ.
ಸಹಿ ಹಾಕೋ ಮೊದಲ ಹೆಡ್ ಮಾಸ್ತರಿಗೆ
ಆ ಆರು ಚಾವಿ ಕೇಳಬೇಕು.