ಕಡ ಕೊಟ್ಟ ಮೂಗು

ದಿಂಬಂ ತಿರುವುಗಳನ್ನು ಏದುತ್ತ ಹತ್ತಿದ ಬಸ್ಸಿನ ತಲೆಮೇಲೆ
ಸತ್ಯಮಂಗಲದ ಮಲ್ಲಿಗೆ, ಒದ್ದೆ ಗೋಣಿಯಲ್ಲಿ.
ಚಾಮರಾಜನಗರದ ಕಡೆಯಿಂದ
ಇನಾಯತನ ಮೊಪೆಡ್ಡಿನ ಹಿಂದೆ
ಮಲ್ಲಿಗೆಯೇ, ಕಡ್ಡಿಯಾಗಿ.
ಎರಡೂ ಇಳಿಯುವುದು ತಾಳವಾಡಿಯಲ್ಲಿ,
ಚಿನ್ನತಾಯತ್ತೆಯ ಅಂಗಡಿ ಮುಂದೆ.

ಹೋದ ವರ್ಷದ ಜ್ವರ
ಅತ್ತೆಯ ಮೂಗನ್ನು ಕೊಂಡೊಯ್ದದ್ದು ತಿರುಗಿ ಕೊಟ್ಟಿಲ್ಲ.
ಊರಿಗೆ ಗೊತ್ತಿಲ್ಲ.
ನನಗೆ ತಿಳಿದದ್ದು, ಹಾಲು ಸೀದು ತಳ ಕರಕಾದ ದಿನ:
ಒಲೆ ಪಕ್ಕದಲ್ಲೇ ಕೂತು
ಅವರೆಕಾಯಿ ಸುಲಿಯುತ್ತಿದ್ದಳು.
ಮೂವತ್ತು ವರ್ಷ ಊದುಬತ್ತಿ ಮಾರಿದವಳು.
"ಯಾರ್ಗೂ ಹೇಳ್ಬೇಡ ಕಣವ್ವ.
ಮಂಗಳವಾರ ಮಂಗಳವಾರ ಬಂದು
ನಿನ್ ಮೂಗು ಕಡ ಕೊಡು."

ಇನಾಯತ್ ಕಟ್ಟು ಬಿಚ್ಚುತ್ತಾನೆ.
ಅತ್ತೆ ಒಂದು ಕಡ್ಡಿಯನ್ನು ಕಿವಿಗೆ ಹಿಡಿದು ಮುರಿಯುತ್ತಾಳೆ.
ಟಕ್ ಅಂದರೆ ಸರಿ.
ಬಾಗಿ, ಅನುಮಾನಿಸಿ, ಆಮೇಲೆ ಮುರಿದರೆ
"ಮೋಡದಲ್ಲಿ ಒಣಗ್ಸಿದ್ದೀಯ. ಮಡಚು."
ಹೋದ ವಾರ ಪೇಪರಿನ ಮೇಲೆ ಮಲಗಿಸಿಟ್ಟದ್ದು
ಎಷ್ಟಗಲ ಕಲೆ ಬಿಟ್ಟಿದೆಯೆಂದು ಬೆರಳಲ್ಲಿ ಅಳೆಯುತ್ತಾಳೆ:
"ಹೂವಿಗಿಂತ ಬಿಳಿ ಎಣ್ಣೇನೆ ಜಾಸ್ತಿ ಕುಡ್ದದೆ ಇದು."
ಹಚ್ಚಿ ನೆಟ್ಟರೆ ಬೂದಿ
ಬೆಳ್ಳಗೆ ಎರಡಂಗುಲ ನಿಂತು, ಬೆಕ್ಕಿನ ಬಾಲದಂತೆ ಬಾಗಿ
ತನಗೆ ಬೇಕಾದಾಗ ಬೀಳಬೇಕು.
ಹೊಗೆಗೆ ಎದುರಾಗಿ ಕಣ್ಣು ಬಿಟ್ಟು ಕೂರುತ್ತಾಳೆ.
ಉರಿದರೆ, ಡಜನ್ನಿಗೆ ಎರಡು ರೂಪಾಯಿ ಇಳಿಯಿತು.

ಅವಳ ಪಾಲು ಇಷ್ಟು. ಉಳಿದದ್ದು ನನ್ನದು.

"ಏನ್ ವಾಸ್ನೆ?"
"ಮಲ್ಲಿಗೆ."
"ಅದು ಪೊಟ್ಟಣದ ಮೇಲೇ ಬರ್ದದೆ.
ಯಾವ ಹೊತ್ತಿನ ಮಲ್ಲಿಗೆ?
ಕೋಳಿ ಕೂಗೋವಾಗ ಬಿಡಿಸಿದ ಬಿಗಿ ಮೊಗ್ಗೋ,
ಸಂಜೆ ಜಡೇಲಿ ಅರಳಿ ಬೆವರು ಕುಡ್ದದ್ದೋ,
ಬೆಳಗ್ಗೆ ದಿಂಬಿನ ಮೇಲೆ ಕಂದಿದ್ದೋ?"

ನನ್ನ ಹತ್ತಿರ ಇದ್ದದ್ದು ಎರಡೇ ಮಾತು,
ಚೆನ್ನಾಗಿದೆ, ಚೆನ್ನಾಗಿಲ್ಲ.
ಕಣ್ಣು ಮುಚ್ಚಿದೆ.
"ಸಂಜೆಯದು, ಅತ್ತೆ. ಆದರೆ ಹೂವಿನ ಹಿಂದೆ
ಹೊಸ ಪ್ಲಾಸ್ಟಿಕ್ ಕೊಡ ಇದೆ."
ಇನಾಯತ್ ಸುಮ್ಮನೆ ಕೆಮ್ಮಿದ.

ಸಂಪಿಗೆಗೆ ನಾನು "ಹಳದಿ" ಅಂದೆ.
"ಬಣ್ಣ ಕಣ್ಣಿಂದು. ಮೂಗಿಂದು ಹೇಳು."
"ಮಾಗಿದ ಬಾಳೆಹಣ್ಣಿನ ಸಿಪ್ಪೆ."
"ಹಾಂ," ಅಂದಳು, ಯಾರೋ ಬಾಗಿಲು ತೆರೆದಂತೆ.
ಗುಲಾಬಿ, ನಾಟಕದವರ ಪೌಡರು.
"ಇರ್ಲಿ, ಹತ್ತು ಡಜನ್ ಹಾಕು. ಮದುವೆ ಮನೆಯೋರು ಕೇಳ್ತಾರೆ."

ಕಾರ್ತಿಕದ ಚಳಿಯಲ್ಲಿ ನನಗೂ ನೆಗಡಿ.
ಮಂಗಳವಾರ ನಿಲ್ಲುವುದೇ?
ಕಡ್ಡಿ ಹೊಗೆಯುತ್ತಿತ್ತು. ಅತ್ತೆ ನನ್ನನ್ನು,
ನಾನು ಬೂದಿಯನ್ನು ನೋಡುತ್ತ ಕೂತೆವು.
ಕೊನೆಗೆ ಅತ್ತೆಯೇ,
"ನೀನೇ ಹೇಳಪ್ಪ ಇನಾಯತ್, ಹೆಂಗದೆ?"

ಅವನು ಟೋಪಿ ತೆಗೆದು ಮಂಡಿಯ ಮೇಲಿಟ್ಟ.
"ಇದನ್ನ ನಮ್ಮನೇಲಿ ಹಚ್ಚಲ್ಲ ಅಮ್ಮ."
ಮತ್ತೆ, ನೆಲಕ್ಕೆ ಹೇಳುವಂತೆ,
"ಜ್ವರ ಬಂದಾಗ್ಲಿಂದ ನೀವು
ಹಚ್ಚದ ಕಡ್ಡೀನ ಮೂಗಿಗೆ ಹಿಡಿಯೋದೇ ಬಿಟ್ರಿ.
ನಂಗೊತ್ತಿತ್ತು."

ಚೀಲದ ತಳದಿಂದ ತೆಗೆದ,
ಹೆಸರಿಲ್ಲದ, ದೇವರ ಚಿತ್ರವಿಲ್ಲದ, ನೂಲು ಕಟ್ಟಿದ ಒಂದು ಹಿಡಿ.
"ಇದು ಅಮ್ಮಿ ಹೊಸೆಯೋದು. ಬೆಲೆ ಜಾಸ್ತಿ."
ಅತ್ತೆ ಮುರಿದಳು: ಟಕ್.
ಹಚ್ಚಿದಳು: ಕಣ್ಣು ಉರಿಯಲಿಲ್ಲ.
ಬೂದಿ ನಿಂತೇ ಇತ್ತು, ನಾವು ಲೆಕ್ಕ ಮುಗಿಸಿ ಏಳುವವರೆಗೂ.
ವಾಸನೆ ಮಾತ್ರ ಅವನ ಮಾತಿನ ಮೇಲೆ.

ಮೂರನೆಯ ಬೆಳಿಗ್ಗೆ, ಷಟರ್ ಅರ್ಧ ಎತ್ತಿದ್ದೇ ತಡ,
ನನ್ನ ಮೂಗು ತೆರೆಯಿತು.
ಹಿಂದಿನ ಸಂಜೆ ಒಂದು ಹಚ್ಚಿದ್ದಳಂತೆ.
ಅಕ್ಕಿ ಮೂಟೆಯಲ್ಲಿ, ತಕ್ಕಡಿಯ ತಣ್ಣನೆ ತಟ್ಟೆಯಲ್ಲಿ,
ಸಾಲದ ಪುಸ್ತಕದಲ್ಲಿ ಕೂಡ ಅದು ತಂಗಿತ್ತು.

ಪೊರಕೆ ಹಿಡಿದು ಅತ್ತೆ ಕೇಳಿದಳು,
"ಯಾವ ಹೊತ್ತಿಂದು?"

"ಇನ್ನೂ ಬಿಡಿಸಿಲ್ಲ ಅತ್ತೆ.
ಗಿಡದಲ್ಲೇ ಇದೆ."

ಪೊರಕೆ ಗೋಡೆಗೊರಗಿಸಿ
ಒಂದು ಸಲ ಉಸಿರು ಎಳೆದುಕೊಂಡಳು, ಸುಮ್ಮನೆ,
ಅಭ್ಯಾಸಕ್ಕೆ.
ಆಮೇಲೆ ಪೆನ್ಸಿಲ್ ಹುಡುಕಿ ಬರೆದಳು:
ಇನಾಯತ್. ಹೆಸರಿಲ್ಲದ್ದು. ಇಪ್ಪತ್ತು ಡಜನ್.