ಉಪ್ಪು ತಾನಾಗಿ ಉದುರುವ ಊರು

ಬೀದರಿನಲ್ಲಿ ನನಗೆ ಬೆಳಗಾಗುವುದು
ಮೀನಿನವಳ ಕೂಗಿನಿಂದಲ್ಲ,
ಕೆಳಗಂಗಡಿಯ ವಾಜಿದ್ ಚಾಚಾರ ಉಳಿಯಿಂದ.
ಟಿಕ್ ಟಿಕ್, ಆಮೇಲೆ ಊದುವ ಉಸಿರು,
ಮತ್ತೆ ಟಿಕ್.
ಕಣ್ಣು ಬಿಡದೆಯೇ ಹೇಳಬಲ್ಲೆ:
ಎಲೆ ಮುಗಿಯಿತು, ಈಗ ಬಳ್ಳಿ ತಿರುಗಿತು.

ಪಶು ಆಸ್ಪತ್ರೆಯ ಲ್ಯಾಬಿನಲ್ಲಿ ನಾಲ್ಕು ತಿಂಗಳ ಬದಲಿ ಕೆಲಸ.
ನನ್ನ ಕುಮಟೆಯ ಚರ್ಮಕ್ಕೆ ಈ ಗಾಳಿಯೇ ಬೆರಗು.
ಒಗೆದ ಸೀರೆ ಗಂಟೆಯೊಳಗೆ ಒಣಗಿ
ಹಪ್ಪಳದ ಹಾಗೆ ಸದ್ದು ಮಾಡುತ್ತದೆ.
ಉಪ್ಪು ಡಬ್ಬಿಯಿಂದ ತಾನಾಗಿ ಉದುರುತ್ತದೆ!
ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ನಂಬಲಿಲ್ಲ.

ಗಂಜಿನ ದಾರಿಯಲ್ಲಿ ತೊಗರಿಯ ಧೂಳು, ಎರಡು ಸೀನು;
ಚೌಕಾಶಿಯ ಮಾತು ಅರ್ಧ ಕನ್ನಡ, ಅರ್ಧ ಉರ್ದು,
ಕೊನೆಗೊಂದು ಮರಾಠಿ ನಗು.

‘ಉಣ್ಲಕ್ ಬರ್ರಿ ಅಕ್ಕೋರ, ಆರ್ಲತ್ತಾವ್ ನೋಡ್ರಿ.’
ಬಂಡೆಮ್ಮನ ರೊಟ್ಟಿಯ ಉಬ್ಬಿಗೆ ಬೆರಳು ಚುಚ್ಚಿ
ಹಬೆಯನ್ನೇ ಮೊದಲು ತಿನ್ನುತ್ತೇನೆ.
ಪುಂಡಿಪಲ್ಯದ ಹುಳಿ, ಹಸಿ ಉಳ್ಳಾಗಡ್ಡಿ,
ಹಲ್ಲಿನ ಸಂದಿಗೆ ಗುರೆಳ್ಳು ಹಿಂಡಿ.
ಮೀನು ನೆನಪಾಗುವುದು ರವಿವಾರ ಮಾತ್ರ,
ಅದೂ ಸ್ವಲ್ಪ.

ಒಂದು ಸಂಜೆ ಚಾಚಾ ಕೋಟೆಯ ಮಣ್ಣು ಚಿಟಿಕೆ ತೆಗೆದು
ನಾಲಿಗೆಗಿಟ್ಟರು.
‘ಇದು ಛಲೋ ಕರ್ರಗ ಮಾಡ್ತದ.’
ನನಗೂ ಕೊಡಿ ಅಂದೆ. ನಕ್ಕರು, ಕೊಟ್ಟರು.
ತಣ್ಣಗೆ, ತುಸು ಉಪ್ಪು,
ಬಿಸಿಲು ಕಾಣದ ಗೋಡೆಯ ರುಚಿ.

ಸೋಮವಾರ ಬಸ್ಸು.
ಬಂಡೆಮ್ಮ ಹಿಂಡಿ ಕಟ್ಟಿಕೊಡುತ್ತಾಳೆ,
ಕಡಲ ಗಾಳಿಗೆ ವಾರದಲ್ಲಿ ಮೆತ್ತಗಾಗುತ್ತದೆ, ಗೊತ್ತು.
ಇರಲಿ. ಆ ಹೂಜಿಯ ಕತ್ತಿನಲ್ಲಿ
ಇನ್ನೂ ಮೂರು ಎಲೆ ಬಾಕಿ.
ಬೇಗ ಮಲಗುತ್ತೇನೆ,
ಮೊದಲ ಟಿಕ್ ತಪ್ಪಬಾರದು.