ಬಿಸಿಲಿಗೆ ತೊಟ್ಟಿಕ್ಕುವ ಚಾವಣಿ

ಮಳೆಗೆ ಸೋರುವ ಮನೆ ಎಲ್ಲರಿಗೂ ಗೊತ್ತು.
ನಮ್ಮದು ಬಿಸಿಲಿಗೆ ಸೋರುತ್ತಿತ್ತು.

ಡುಲೂತ್, ಜನವರಿ. ಸರೋವರದ ದಡ ಬೆಳ್ಳಗೆ ಬಿಗಿದುಕೊಂಡಿತ್ತು.
ಮೂರು ದಿನ ಹಿಮ ಸುರಿದಾಗ ಒಂದು ತೊಟ್ಟೂ ಇಲ್ಲ.
ನಾಲ್ಕನೆಯ ದಿನ ಆಕಾಶ ತೊಳೆದಿಟ್ಟ ತಟ್ಟೆ;
ಹತ್ತೂವರೆಗೆ ಸರಿಯಾಗಿ
ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ,
ಟಪ್.

ತಲೆ ಎತ್ತಿದರೆ ಚಹಾ ಬಣ್ಣದ ಕಲೆ, ಅಂಗೈ ಅಗಲ.
ಕುರ್ಚಿ ಹತ್ತಿ ಸುತ್ತ ಪೆನ್ಸಿಲಿನ ಗೆರೆ ಎಳೆದು
ತಾರೀಖು ಬರೆದೆ.
ವಾರ ಕಳೆಯುವಷ್ಟರಲ್ಲಿ ಗೆರೆ ದಾಟಿ
ಎರಡು ಬೆರಳು ಆಚೆ ಬಂದಿತ್ತು.

ಪಕ್ಕದ ಮನೆಯ ಆರ್ವಿಲ್ ಸ್ಟೆನೆರುಡ್ ಬಂದ,
ಸೊಂಟಕ್ಕೆ ಕೈ ಕೊಟ್ಟು ನಿಂತ.
"ಸೂರು, ಇರ್ಯಾ, ಸೂರು."
ಬಟ್ಟೆ ಒಗೆಯುವ ಯಂತ್ರ ಕೆಟ್ಟಾಗಲೂ
ಸೂರನ್ನೇ ದಿಟ್ಟಿಸಿದ ಅಳಲೆಕಾಯಿ ಪಂಡಿತ.
ಆದರೂ ಹತ್ತಿದೆ, ಸೊಂಟಕ್ಕೆ ಹಗ್ಗ ಬಿಗಿದು,
ಹೊಗೆಗೂಡಿನ ಬುಡಕ್ಕೆ ಎರಡು ಟ್ಯೂಬ್ ಅಂಟು ಸುರಿದೆ,
ಒಂದು ಕೈಗವಸು ಗಾಳಿಗೆ ಕೊಟ್ಟು ಇಳಿದೆ.
ಮರುದಿನ ಬಿಸಿಲು.
ಟಪ್.

ಹಾಗಾದರೆ ನಳದ ಕೊಳವೆ ಎಂದುಕೊಂಡು
ಒಂದು ಹಗಲು ಪೂರ್ತಿ ನೀರು ನಿಲ್ಲಿಸಿದೆ.
ಮಗಳು ಹಿಲ್ಮಾ ತಲೆ ತೊಳೆಯಲಾಗದೆ
ಟೊಪ್ಪಿ ಹಾಕಿಕೊಂಡೇ ಊಟಕ್ಕೆ ಕುಳಿತಳು, ಮಾತಿಲ್ಲ.
ಅವಳ ಸೂಪಿನೊಳಕ್ಕೇ ಬಿತ್ತು ಆ ದಿನದ ಹನಿ.

ನಾನು ಶಾಲೆಯ ಬಸ್ಸು ಓಡಿಸುವವಳು. ಬಸ್ಸು ಕೆಮ್ಮಿದರೆ
ಯಾವಾಗ ಕೆಮ್ಮಿತು ಎಂದು ಮೊದಲು ಕೇಳುತ್ತೇನೆ,
ಯಾಕೆ ಎಂದು ಆಮೇಲೆ.
ಹಾಗಾಗಿ ಪುಸ್ತಕ ಇಟ್ಟೆ:
ಮೋಡ, ಹನಿಯಿಲ್ಲ. ಮೋಡ, ಹನಿಯಿಲ್ಲ.
ಬಿಸಿಲು, ಐವತ್ತೆರಡು.
ಹಿಲ್ಮಾ ಸ್ನೇಹಿತೆಯ ಮನೆಯಲ್ಲಿ ಉಳಿದ ವಾರ
ಬಿಸಿಲು, ಒಂಬತ್ತೇ.

ಶನಿವಾರ ಬೆಳಗಿನ ಕತ್ತಲಲ್ಲಿ
ಹಣೆಗೆ ದೀಪ ಕಟ್ಟಿಕೊಂಡು ಅಟ್ಟ ಹತ್ತಿದೆ.
ಹಲಗೆ ತೂರಿ ಇಳಿದ ಸಾವಿರ ಮೊಳೆ,
ಸಾವಿರ ಮೊಳೆಗೂ ಉಪ್ಪಿನ ತುದಿ:
ಹಿಮ, ಒಳಗಡೆ.
ಅಷ್ಟರಲ್ಲಿ ಕೆಳಗೆ ಬಚ್ಚಲಿನ ಫ್ಯಾನು ಗುನುಗಿತು,
ಸೂರಿನ ತೂತಿಗೆ ಗೇಣು ದೂರದಲ್ಲಿ
ಬಾಯಿ ತೆರೆದು ಬಿದ್ದಿದ್ದ ಬೆಳ್ಳಿ ಬಣ್ಣದ ಕೊಳವೆ
ಉಸಿರುಬಿಟ್ಟಿತು ನನ್ನ ಮುಖಕ್ಕೆ,
ಬೆಚ್ಚಗೆ, ಹಿಲ್ಮಾಳ ಸೇಬಿನ ಶಾಂಪೂ.

ಅಜ್ಜ ಫಿನ್ಲೆಂಡಿನಿಂದ ಬಂದು ಮೊದಲು ಕಟ್ಟಿದ್ದು
ಹಬೆಯ ಸೌನಾ, ಮನೆ ಆಮೇಲೆ.
ಮೊಮ್ಮಗಳು ಅಟ್ಟದಲ್ಲೊಂದು ಕಟ್ಟಿದ್ದಾಳೆ, ತಿಳಿಯದೆ.

ಕುಂಬಳಕಾಯಿ ಕಳ್ಳ ಎಂದವರು ಅಲ್ಲಿ ಯಾರೂ ಇರಲಿಲ್ಲ,
ಆದರೂ ಹೆಗಲು ಮುಟ್ಟಿ ನೋಡಿಕೊಂಡೆ.
ಮೂರು ವರ್ಷದ ಹಿಂದೆ, ಇದೇ ಅಟ್ಟ,
ಗುಲಾಬಿ ಬಣ್ಣದ ಶಾಖನಿರೋಧಕ ಹಾಸುತ್ತ
ತೆವಳಿದ ಮೊಣಕಾಲು ಏನನ್ನೋ ಒದೆಯಿತು. ಠಣ್.
ಬೆವರು, ಮುಖವಾಡ, ತುರಿಕೆ.
ಆಮೇಲೆ ನೋಡಿದರಾಯಿತು, ಅಂದಿದ್ದೆ.

ಕೊಳವೆ ಕೂರಿಸಿ, ಪಟ್ಟಿ ಬಿಗಿದು,
ತಗಡಿನ ಟೇಪು ಸುತ್ತಿ, ಮೇಲೆ ಕಂಬಳಿ ಹೊದಿಸಿದೆ.
ಅರ್ಧ ಗಂಟೆ. ಹನ್ನೊಂದು ಡಾಲರು.

ಮಾರನೆಯ ಬಿಸಿಲಿಗೆ, ಟಪ್.
ಏಣಿಯ ಕೆಳಗೆ ಕೂತು ಅಳುವುದೊಂದು ಬಾಕಿ.
ಮತ್ತೆ ಹೊಳೆಯಿತು: ಅಂಟಿದ ಹಿಮವಿನ್ನೂ ಅಲ್ಲೇ ಇದೆ,
ಹಳೆಯ ಸ್ನಾನಗಳೆಲ್ಲ ಕರಗಬೇಕಲ್ಲ.
ಹದಿಮೂರು ದಿನ ಕರಗಿದವು.
ಮೇಜಿನ ಮೇಲೆ ಬೋಗುಣಿ ಇಟ್ಟು ಸುತ್ತ ಕೂತು ಉಂಡೆವು.

"ಸೂರೇ ತಾನೆ?" ಬೇಲಿಯಾಚೆಯಿಂದ ಆರ್ವಿಲ್.
ಅಳಿಲು, ಅಂದೆ. ಕೊಳವೆ ಕಿತ್ತಿತ್ತು.
ಅವನು ಗಂಭೀರವಾಗಿ ತಲೆದೂಗಿದ:
"ಅಳಿಲು ಒಳಗೆ ಬಂದದ್ದು ಎಲ್ಲಿಂದ ಮತ್ತೆ?"

ಕಲೆ ಒಣಗಿದೆ. ಪೆನ್ಸಿಲಿನ ಗೆರೆ, ತಾರೀಖು ಹಾಗೇ ಇವೆ.
ಬಿಳಿ ಬಣ್ಣದ ಡಬ್ಬಿ ತಂದು ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ.
ಆಮೇಲೆ ನೋಡಿದರಾಯಿತು.